ಮದ್ದಿನ ಕೋಣೆಯಲ್ಲಿ ಇಸ್ತ್ರಿಯವನು

ಆ ಯುದ್ಧನೌಕೆಯಲ್ಲಿ ಇಸ್ತ್ರಿಯವನಿಗೆ ಎರಡು ಕೆಲಸ. ಕಾಳಗವಿಲ್ಲದ ಹೊತ್ತಿನಲ್ಲಿ ಅಧಿಕಾರಿಗಳ ಬಿಳಿ ಅಂಗಿಗಳಿಗೆ ಗಂಜಿ ಹಾಕಿ ತೀಡುವುದು. ಕಾಳಗದ ಗಂಟೆ ಹೊಡೆದರೆ ಫಿರಂಗಿಯ ಅಡಿಯ ಮದ್ದಿನ ಕೋಣೆಗೆ ಒಬ್ಬನೇ ಇಳಿದು, ಗುಂಡುಗಳನ್ನು ಮೇಲಕ್ಕೆ ಕಳಿಸುವ ಲಿಫ್ಟಿಗೆ ತುಂಬುವುದು. ಅವನು ಇಳಿದ ಮೇಲೆ ಕಬ್ಬಿಣದ ಮುಚ್ಚಳವನ್ನು ಹೊರಗಿನಿಂದ ಬಿಗಿಯುತ್ತಿದ್ದವನು ಅಡುಗೆಯವನು. ಬೆಂಕಿ ಬಿದ್ದರೆ ಕೋಣೆಗೆ ಸಮುದ್ರದ ನೀರು ನುಗ್ಗಿಸುವ ವಾಲ್ವ್ ಕೂಡ ಅವನ ಕೈಯಲ್ಲೇ. ಇಬ್ಬರೂ ಜೀವದ ಗೆಳೆಯರು.

"ಸಾರಿಗೆ ಉಪ್ಪು ಜಾಸ್ತಿ ಅಂತ ಇನ್ನೊಂದ್ಸಲ ಅಂದ್ರೆ ವಾಲ್ವ್ ತಿರುಗಿಸಿಬಿಡ್ತೀನಿ ನೋಡು" ಎಂದು ಅಡುಗೆಯವನು ಕಿಚಾಯಿಸುತ್ತಿದ್ದ.

ಒಂದು ಮಧ್ಯಾಹ್ನ ವೈರಿಯ ಗುಂಡು ಹಡಗಿನ ಮೂತಿಗೇ ಬಡಿಯಿತು. ಕೆಳಗೆ ದೀಪ ಆರಿತು, ಲಿಫ್ಟು ನಿಂತಿತು. ಕತ್ತಲಲ್ಲಿ ಗೋಡೆ ತಡಕಿದ ಇಸ್ತ್ರಿಯವನಿಗೆ ಅಂಗೈ ಚುರ್ರೆಂದಿತು. ಆಚೆ ಬದಿಯಲ್ಲಿ ಬೆಂಕಿ. ಏಣಿ ಹತ್ತಿ ಮುಚ್ಚಳಕ್ಕೆ ಹೆಗಲು ಕೊಟ್ಟ. ಚೌಕಟ್ಟು ಸೊಟ್ಟಗಾಗಿ ಅದು ಕಚ್ಚಿಕೊಂಡಿತ್ತು. ಹೊರಗಿನಿಂದ ಅಡುಗೆಯವನು ಸುತ್ತಿಗೆಯಲ್ಲಿ ಬಡಿಯುತ್ತಲೇ ಇದ್ದ.

ಆಗ ಮೇಲಿನಿಂದ ಆಜ್ಞೆ ಕೇಳಿಸುವ ಮಾತಿನ ಕೊಳವೆಯಲ್ಲಿ ಅಧಿಕಾರಿಯ ದನಿ ಇಬ್ಬರಿಗೂ ಕೇಳಿಸಿತು. ಕೋಣೆಗೆ ನೀರು ಬಿಡಬೇಕಂತೆ.

ಸುತ್ತಿಗೆಯ ಸದ್ದು ನಿಂತಿತು. ಮದ್ದು ಸಿಡಿದರೆ ಇಡೀ ಹಡಗೇ ಹೋಗುತ್ತದೆಂದು ಇಸ್ತ್ರಿಯವನಿಗೂ ಗೊತ್ತಿತ್ತು. ಆದರೂ ಬೇಡ ಕಣೋ ಎಂದು ಗೋಗರೆಯಬೇಕೆನಿಸಿತು; ತುಟಿ ಕಚ್ಚಿಕೊಂಡ.

"ಸರಿಯಾಗಿ ಕೇಳಿಸ್ಲಿಲ್ಲ ಸಾರ್, ಇನ್ನೊಂದ್ಸಲ ಹೇಳಿ" ಎಂದ ಅಡುಗೆಯವನು.

ಅಧಿಕಾರಿ ಗದರಿ ಮತ್ತೆ ಹೇಳಿದರು. ಅವನು ಮತ್ತೆ ಕಿವುಡನಾದ. ಅಷ್ಟರಲ್ಲಿ ಬೆಂಕಿ ಆರಿಸುವವರು ಆಚೆ ಬದಿಯನ್ನು ಹತೋಟಿಗೆ ತಂದರು. ಮುಚ್ಚಳ ಕೊಯ್ದು ಇಸ್ತ್ರಿಯವನನ್ನು ಹೊರಗೆಳೆಯುವಷ್ಟರಲ್ಲಿ ಹೊತ್ತು ಇಳಿದಿತ್ತು. ಆಜ್ಞೆ ಮೀರಿದ್ದಕ್ಕೆ ಅಡುಗೆಯವನಿಗೆ ಜೈಲಾಯಿತು.

ಯುದ್ಧ ಮುಗಿದ ಮೇಲೆ ಇಸ್ತ್ರಿಯವನು ಬಂದರಿನ ಬೀದಿಯಲ್ಲಿ ಅಂಗಡಿ ಇಟ್ಟ. ಕದ ಮುಚ್ಚಿದರೆ ಉಸಿರು ಕಟ್ಟುತ್ತಿತ್ತು. ಸ್ನಾನಕ್ಕೆ ಹೋದರೂ ಬಾಗಿಲು ತೆರೆದೇ. ಹೊರಗೆ ಹೆಂಡತಿಯ ಕಾವಲು. ಮದುವೆಯಾಗಿದ್ದು ನಿಮ್ಮನ್ನೋ ಈ ಬಾಗಿಲನ್ನೋ ಎಂದು ಅವಳು ಗೊಣಗುತ್ತಿದ್ದಳು, ಆದರೂ ಕದಲುತ್ತಿರಲಿಲ್ಲ.

ಅಡುಗೆಯವನು ಬಿಡುಗಡೆಯಾದ ದಿನ ಇಸ್ತ್ರಿಯವನು ಜೈಲಿನ ಬಾಗಿಲಿಂದಲೇ ಅವನನ್ನು ಮನೆಗೆ ಕರೆತಂದ. ಹೆಂಡತಿ ಅಣ್ಣಾ ಎಂದು ಕರೆದು ಬಡಿಸಿದಳು. ಊಟದ ನಡುವೆ ಇಸ್ತ್ರಿಯವನು ಕೇಳಿಯೇಬಿಟ್ಟ.

"ಅವತ್ತು ಅಧಿಕಾರಿ ಮೂರನೇ ಸಲ ಹೇಳಿದ್ದಿದ್ರೆ ಏನ್ಮಾಡ್ತಿದ್ದೆ?"

ಅಡುಗೆಯವನು ತಟ್ಟೆಯಿಂದ ತಲೆ ಎತ್ತಲಿಲ್ಲ. "ತಿರುಗಿಸ್ತಿದ್ದೆ ಕಣೋ."

ಹೆಂಡತಿಯ ಕೈಯ ಸೌಟು ಅಲ್ಲೇ ನಿಂತಿತು. ಇಸ್ತ್ರಿಯವನು ಸರಿಯೆಂಬಂತೆ ತಲೆಯಾಡಿಸಿ, ಅವನಿಗೆ ಇನ್ನಷ್ಟು ಅನ್ನ ಹಾಕುವಂತೆ ಅವಳಿಗೆ ಹೇಳಿದ.