ಸಿದ್ದಪ್ಪನ ತಾಜಮಹಲ್

ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನ ಸಿದ್ದಪ್ಪ ವರ್ಷಕ್ಕೊಮ್ಮೆ ಪುಕ್ಕಟೆ ಪಾಸಿನಲ್ಲಿ ದೇಶ ಸುತ್ತಿ ಬರುತ್ತಿದ್ದ. ಬಂದವನೇ ಓಣಿಯ ಮಂದಿಯನ್ನು ಕಟ್ಟೆಯ ಮೇಲೆ ಕೂಡಿಸಿಕೊಂಡು ಝಾಡಿಸುತ್ತಿದ್ದ. "ಕುತುಬ್ ಮಿನಾರಕ್ಕ ಹೆಸರು ಕೆತ್ತ್ಯಾರ, ಹಲ್ಕಟ್ ಮಂದಿ! ದೇಶಾ ನೋಡಲಾರದವರು ಮನಷ್ಯಾರೇ ಅಲ್ಲ, ತಿಳೀರಿ!" ಒಳಗೆ ಹೆಂಡತಿ ಮುರಿಗೆವ್ವ ಚಹಾದ ಬೋಗುಣಿಯನ್ನು ದಡಕ್ಕನೆ ಕುಕ್ಕುತ್ತಿದ್ದಳು. ಪಾಸು ಇಬ್ಬರಿಗೂ ಇತ್ತು; "ಮನಿ ಯಾರು ನೋಡ್ತಾರ?" ಎಂದು ಈ ಪುಣ್ಯಾತ್ಮ ಪ್ರತಿ ಸಲ ಒಬ್ಬನೇ ರೈಲು ಹತ್ತುತ್ತಿದ್ದ. ಆಗ್ರಾದಿಂದ ತಂದ ಅಂಗೈಯಗಲದ ತಾಜಮಹಲಿನ ಮೇಲೆ ಧೂಳು ಕಂಡರೆ ಮಾತ್ರ ಹೆಂಡತಿ ನೆನಪಾಗಿ, ಮನೆ ಹಾರಿಹೋಗುವಂತೆ ಒದರುತ್ತಿದ್ದ. ಒಂದು ಸಂಜೆ, ತುಂಬಿದ ಕಟ್ಟೆಯ ಮುಂದೆ, ಓಣಿಗೆ ಹೊಸದಾಗಿ ಬಂದ ನೆರೆಯಾಕೆ ಚಹಾ ತಂದ ಮುರಿಗೆವ್ವನನ್ನು ಕೇಳಿದಳು: "ಅಕ್ಕಾರ, ತಾಜಮಹಲ್ ಹೆಂಗೈತ್ರಿ?" ಮುರಿಗೆವ್ವ ಗಂಡನ ಮುಖವನ್ನೇ ನೋಡುತ್ತ ಹೇಳಿದಳು: "ಧೂಳು ಭಾಳ ಹಿಡೀತೈತವ್ವಾ. ದಿನಾ ಒರಸಬೇಕು."