ಅಕ್ಕನಿಗೆ ತೋರಿಸಬೇಕಿದ್ದ ಕೋಟೆ

ಮಸ್ಕತ್ತಿನಲ್ಲಿದ್ದಷ್ಟು ಕಾಲ ನನಗಿದ್ದದ್ದು ಒಂದೇ ಆಸೆ. ದೇವದುರ್ಗದಲ್ಲಿದ್ದ ಅಕ್ಕನನ್ನು ಒಂದು ಸಲ ಅಲ್ಲಿಗೆ ಕರೆಸಿಕೊಳ್ಳಬೇಕು, ಆ ಕೋಟೆಗಳನ್ನು, ಅಲ್ಲಿ ನೆಲದ ಮೇಲೆ ಕೂತು ನೇಯುವ ಹೆಂಗಸರನ್ನು ಅವಳು ಕಣ್ಣಾರೆ ನೋಡಬೇಕು. ನನ್ನ ಗಂಡ ಅಲ್ಲಿಯ ಶಾಲೆಯೊಂದರಲ್ಲಿ ಗಣಿತದ ಮೇಷ್ಟರು. ನನಗೆ ಕೆಲಸವಿರಲಿಲ್ಲ. ಶುಕ್ರವಾರ ಬಂತೆಂದರೆ ಅವರನ್ನು ಎಬ್ಬಿಸಿ ಕಾರು ಹತ್ತಿಸುವುದೇ ನನ್ನ ಕೆಲಸ. ಉಳಿದ ನಮ್ಮವರೆಲ್ಲ ಮಾಲ್‌ಗೆ ಹೋಗುತ್ತಿದ್ದರು. "ಹಾಳು ಗೋಡಿ ನೋಡೋ ಹುಚ್ಚು ಯಾಕ್ರೀ ನಿಮಗ?" ಎಂದು ಒಬ್ಬಾಕೆ ಕೇಳಿದಳು. "ನಿಮಗ ಸೆಂಟಿನ ಬಾಟ್ಲಿ ನೋಡೋ ಹುಚ್ಚು ಇದ್ದಂಗರೀ" ಅಂದೆ. ಆಮೇಲೆ ಆಕೆ ನಮ್ಮ ಮನೆಯ ಕಡೆ ಸುಳಿಯಲಿಲ್ಲ. ನನಗೇನೂ ನಷ್ಟವಾಗಲಿಲ್ಲ.

ಆ ಹುಚ್ಚು ಹಿಡಿಸಿದವಳೇ ಅಕ್ಕ. ಮದುವೆಗೆ ಮೊದಲು ತವರೂರು ಮಾನ್ವಿಯಲ್ಲಿದ್ದಾಗ ಬಟ್ಟೆ ತರುವ ನೆಪ ಹೇಳಿ ನನ್ನನ್ನು ರಾಯಚೂರಿನ ಬಸ್ಸು ಹತ್ತಿಸುತ್ತಿದ್ದಳು. ಅಂಗಡಿಗಿಂತ ಮೊದಲು ಕೋಟೆ. ಗೋಡೆಯಲ್ಲಿ ಕೂರಿಸಿದ ಒಂದು ಉದ್ದ ಕಲ್ಲಿನ ಮುಂದೆ ನಿಂತು, ಅದನ್ನು ಬಂಡಿಯ ಮೇಲೆ ಹೇರಿ ತಂದ ಬಗೆಯನ್ನು ಅಲ್ಲೇ ಕೊರೆದಿದ್ದ ಚಿತ್ರವನ್ನು ಬೆರಳಿನಿಂದ ತೋರಿಸುವಳು. "ಇಷ್ಟು ದೊಡ್ಡ ಕಲ್ಲು ತಂದ ಮಂದಿಗೆ ಉಣ್ಣಾಕ ಯಾರು ಹಾಕಿದ್ರೋ ಏನೋ" ಎನ್ನುವಳು. ಬಿಸಿಲಿಗೆ ನನ್ನ ತಲೆ ಸುಡುತ್ತಿರುತ್ತಿತ್ತು, ಅವಳಿಗೆ ಅಡುಗೆಯವರ ಚಿಂತೆ.

ಮದುವೆಯಾಗಿ, ನಾನು ಮಾವ ಎಂದು ಕರೆಯುವ ಗಂಡನ ಜೊತೆ ದೇವದುರ್ಗಕ್ಕೆ ಹೋದ ಮೇಲೆ ಕೌದಿ ಹಿಡಿದು ಕೂತಳು. ಓಣಿಯವರ ಹಳೆಯ ಸೀರೆಗಳೆಲ್ಲ ಅವಳ ಕೈಗೆ ಬಂದು ಒಂದರ ಮೇಲೊಂದು ಪದರಾಗಿ, ಸಾಲುಹೊಲಿಗೆ ಬಿದ್ದು, ಹೊದಿಕೆಯಾಗುತ್ತಿದ್ದವು. ಹೊಲಿಯುತ್ತಲೇ ನನ್ನ ಮಾತು ಕೇಳುತ್ತಿದ್ದಳು. ಮಸ್ಕತ್ತಿನಿಂದ ವಾಟ್ಸಾಪ್ ಕಾಲ್ ಹೋಗುತ್ತಿರಲಿಲ್ಲ, ಹಾಗಾಗಿ ನಮ್ಮದು ದನಿ ಮುದ್ರಿಸಿ ಕಳಿಸುವ ವ್ಯವಹಾರ. ಬಹ್ಲಾ ಊರಿನ ಕುಂಬಾರರ ಹೂಜಿ, ನಿಜ್ವಾ ಕೋಟೆಯ ದುಂಡು ಬುರುಜು, ಎಲ್ಲ ನಾನು ಹೇಳಿ ಕಳಿಸುವುದು, ಅವಳು ತಿರುಗಿ ಕೇಳುವುದು. ನಿಜ್ವಾದ ಹತ್ತಿರ ಒಬ್ಬ ಮುದುಕಿ ಆಡಿನ ಕೂದಲಿನ ದಾರದಿಂದ ಪಟ್ಟಿ ನೇಯುತ್ತಿದ್ದಳು. ಅವಳ ಮಗ್ಗದ ಫೋಟೋ ಕಳಿಸಿದರೆ ಅಕ್ಕ, "ಕಾಲು ಚಾಚಿ ಕುಂತಾಳಲ್ಲ, ಸೊಂಟ ಹಿಡಿಯಂಗಿಲ್ಲೇನು? ಕೇಳಿ ಬಾ" ಎಂದಳು.

ಕೇಳಿದೆ. ಮುರುಕು ಅರಬ್ಬಿಯಲ್ಲೇ ಕೇಳಿದೆ. ನಮ್ಮ ಕಡೆಯವರಿಗೆ ಅದು ಅಷ್ಟು ಕಷ್ಟವಲ್ಲ. ಖುರ್ಚಿ, ಸಂದೂಕ, ದುಕಾನು, ನಿಜಾಮನ ಕಾಲದಿಂದ ನಮ್ಮ ಬಾಯಲ್ಲಿ ಉಳಿದ ಮಾತುಗಳಿಗೆಲ್ಲ ಅಲ್ಲಿ ನೆಂಟರು ಸಿಗುತ್ತಿದ್ದರು. ಒಂದು ಮಾತು ಮಾತ್ರ ಹೊರಳಿಕೊಂಡಿತ್ತು. ಅಲ್ಲಿ ಖಲಾಸ್ ಅಂದರೆ ಕೆಲಸ ಮುಗಿಯಿತು, ಆಯಿತು, ಸರಿ. ತರಕಾರಿಯವನು, ಡ್ರೈವರು, ಮುದುಕಿ ಎಲ್ಲರೂ ಅದನ್ನು ನಗುತ್ತ ಹೇಳುವರು. ನಾನೂ ದಿನಕ್ಕೆ ಎಷ್ಟೋ ಸಲ ಹೇಳುತ್ತಿದ್ದೆ. ನಮ್ಮೂರಲ್ಲಿ ಜೀವ ಹೋದರೂ ಖಲಾಸ್ ಅನ್ನುತ್ತಾರೆ ಎಂಬುದು ನನ್ನ ಕಿವಿಗೆ ಮರೆತೇ ಹೋಗಿತ್ತು.

ಕೊನೆಗೂ ಅಕ್ಕನ ಪಾಸ್‌ಪೋರ್ಟ್ ಬಂತು. ದೀಪಾವಳಿ ಮುಗಿಸಿ ಹೊರಡುವುದೆಂದು ಗೊತ್ತುಮಾಡಿದೆವು. ಅಷ್ಟರೊಳಗೆ ಆ ಮುದುಕಿಗೆ ಒಂದು ಕೌದಿ ಹೊಲಿಯುತ್ತೇನೆಂದು ಹಟ ಹಿಡಿದಳು. "ಅಷ್ಟು ದೂರ ಬರಿಗೈಲೆ ಹೆಂಗ ಬರ್ಲಿ ಬೇ? ಅಕಿ ಏನಂದಾಳು?" ನಡುನಡುವೆ ಏದುಸಿರು ಕೇಳಿಸುತ್ತಿತ್ತು. ಏನದು ಎಂದರೆ ಗ್ಯಾಸು ಎನ್ನುತ್ತಿದ್ದಳು.

ಆ ಶುಕ್ರವಾರ ನಾವು ನಿಜ್ವಾದಲ್ಲಿದ್ದೆವು. ಬೆಳಿಗ್ಗೆಯೇ, ಕೌದಿ ಎಲ್ಲಿಗೆ ಬಂತು ಎಂದು ಅಕ್ಕನಿಗೆ ಕೇಳಿ ಕಳಿಸಿದ್ದೆ. ಮಧ್ಯಾಹ್ನ ಬುರುಜಿನ ಮೇಲೆ ನಿಂತಿದ್ದಾಗ ಅವಳ ನಂಬರಿನಿಂದ ಉತ್ತರ ಬಂತು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಎರಡೇ ಮಾತು. ಎಲ್ಲಾ ಖಲಾಸ್.

ನನಗೆ ಹಿಗ್ಗೋ ಹಿಗ್ಗು. ಅಕ್ಕನೂ ಅರಬ್ಬಿ ಕಲಿತಳಲ್ಲ ಎಂದು ಗಂಡನಿಗೆ ತೋರಿಸಿ ನಕ್ಕೆ. ಆ ನಗುವನ್ನೇ ತಡೆದುಕೊಂಡು, ದೊಡ್ಡವರ ಗತ್ತಿನಲ್ಲಿ ದನಿ ಕಳಿಸಿದೆ: "ಭಾಳ ಚಲೋ ಆತು ಯಕ್ಕಾ. ದುಡದದ್ದು ಸಾಕು. ಮನಿ ಚಿಂತಿ ಮಾಡಬ್ಯಾಡ, ಮಾವ ಹೆಂಗೋ ನೋಡ್ಕೊಂತಾರ. ಹೊರಡು ನೀ. ನಾ ಕಾಯಾಕತ್ತೀನಿ."

ಆಮೇಲೆ ಸಂತೆಯಲ್ಲಿ ಅವಳಿಗೆಂದು ಖರ್ಜೂರದ ಬುಟ್ಟಿ ಕೊಂಡೆ. ಹಿಂದಿರುಗುವಾಗ ಪೆಟ್ರೋಲ್ ಬಂಕಿನಲ್ಲಿ ನಿಂತಿದ್ದಾಗ ಮಾನ್ವಿಯಿಂದ ನನ್ನ ತಮ್ಮ ಗಂಡನಿಗೆ ಫೋನು ಮಾಡಿದ. ಗಂಡ ಕೆಳಗಿಳಿದು ಮಾತಾಡಿ ಬಂದರು. ಬೆಳಿಗ್ಗೆ ಎದೆನೋವು ಬಂದಿದೆ, ರಾಯಚೂರಿಗೆ ಒಯ್ಯುವ ದಾರಿಯಲ್ಲೇ ಅಕ್ಕ ಹೋಗಿದ್ದಾಳೆ ಎಂದರು. ನಾನು ಅವರ ಮೇಲೆ ಹರಿಹಾಯ್ದೆ. "ಏನ್ ಮಾತಾಡ್ತೀರಿ? ಮಧ್ಯಾಹ್ನ ಉತ್ತರ ಕೊಟ್ಟಾಳ, ನೋಡ್ರಿ" ಎಂದು ಫೋನು ಹಿಡಿದೆ. ಅವರು ಓದಿ, ಫೋನನ್ನು ನನ್ನ ಮಡಿಲಲ್ಲಿಟ್ಟರು. ಆಗ ಆ ಮಾತು ನನಗೆ ನಮ್ಮೂರಿನ ಕಿವಿಯಲ್ಲಿ ಕೇಳಿಸಿತು. ಬರೆದದ್ದು ಅಕ್ಕನಲ್ಲ, ಮಾವ.

ಹೈದರಾಬಾದಿನಲ್ಲಿ ಇಳಿದು ದೇವದುರ್ಗ ಮುಟ್ಟುವಷ್ಟರಲ್ಲಿ ಅಕ್ಕನ ಮಣ್ಣಾಗಿತ್ತು. ದಾರಿಯುದ್ದಕ್ಕೂ ನನಗೆ ಅಕ್ಕನ ಸಾವಿಗಿಂತ ಆ ದನಿಯದೇ ಸಂಕಟ. ಹೆಣದ ಮುಂದೆ ಕೂತವರಿಗೆ ಚಲೋ ಆತು ಎಂದಿದ್ದೇನಲ್ಲ, ಮಾವನ ಕಾಲು ಹಿಡಿದು ತಪ್ಪು ತಿಳಿದೆ ಎಂದು ಹೇಳಿಬಿಡಬೇಕು, ಉಗಿದರೆ ಉಗಿಸಿಕೊಳ್ಳಬೇಕು ಎಂದು ಗಟ್ಟಿ ಮಾಡಿಕೊಂಡು ಹೋದೆ.

ಪಡಸಾಲೆಯಲ್ಲಿ ಹೆಂಗಸರು ಕೂತಿದ್ದರು. ಪಕ್ಕದ ಮನೆಯ ಮುದುಕಿ ಎದ್ದು ಬಂದು ನನ್ನ ಎರಡೂ ಕೈ ಹಿಡಿದಳು.

"ಎಂಥಾ ಗಟ್ಟಿ ಎದಿಯವ್ವಾ ನಿಂದು" ಎಂದಳು. "ಒಡಹುಟ್ಟಿದಾಕಿನ್ನ ಹಂಗ ಯಾರು ಕಳಿಸಿ ಕೊಟ್ಟಾರು?"

ನನಗೆ ತಿಳಿಯಲಿಲ್ಲ. ಮಾವ ಗೋಡೆಗೆ ಒರಗಿ ಕೂತಿದ್ದರು. ಅವರು ಎಂದೂ ಹೆಚ್ಚು ಮಾತಿನವರಲ್ಲ.

"ನಿನಗ ಹೇಳಾಕ ಬಾಯಿ ಬರ್ಲಿಲ್ಲವ್ವಾ" ಎಂದರು. "ಅದಕ್ಕ ಬರದು ಕಳಿಸ್ದೆ. ನಿನ್ನ ದನಿ ಬಂತು. ಅಕಿ ಕಿವಿಗೆ ಹಿಡದೆ. ಕಣ್ಣು ಅರ್ಧ ತೆರದಿದ್ವು, ಎಷ್ಟು ಸವರಿದ್ರೂ ಮುಚ್ಚಿರಲಿಲ್ಲ. ನೀ ಹೊರಡು ಅಂದ ಮ್ಯಾಲೆ ಸವರಿದೆ, ಮುಚ್ಚಿದ್ವು. ದುಡದದ್ದು ಸಾಕು ಅಂದಿ ನೋಡು, ನಾ ಅಕಿಗೆ ಒಂದಿನನೂ ಆ ಮಾತು ಅಂದಿರಲಿಲ್ಲ."

ನಾನು ಬಾಯಿ ತೆರೆದೆ. ಹೇಳಬೇಕಾದದ್ದೆಲ್ಲ ನಾಲಿಗೆಯ ತುದಿಯಲ್ಲಿತ್ತು. ಮಾವ ನನ್ನ ಮುಖವನ್ನೇ ನೋಡುತ್ತಿದ್ದರು. "ಹೌದು ಮಾವಾ" ಎಂದೆ. ಜೀವಮಾನದಲ್ಲಿ ಮಾತು ನುಂಗಿದವಳಲ್ಲ ನಾನು, ಅವತ್ತು ನುಂಗಿದೆ.

ಈಗ ನಾವು ಊರಿಗೇ ಬಂದಿದ್ದೇವೆ, ರಾಯಚೂರಿನಲ್ಲಿ ಮನೆ. ದೇವದುರ್ಗಕ್ಕೆ ಹೋದಾಗಲೆಲ್ಲ ಮಾವ ಫೋನು ತೆಗೆದು ಆ ದನಿ ಹಚ್ಚುತ್ತಾರೆ. ನಾನು ತಡೆದುಕೊಂಡ ನಗು ಅವರಿಗೆ ತಡೆದುಕೊಂಡ ಅಳುವಾಗಿ ಕೇಳಿಸುತ್ತದೆ. ಮುಗಿದ ಮೇಲೆ ಕಣ್ಣೊರೆಸಿಕೊಂಡು, ಎಷ್ಟು ಚಂದ ಕಳಿಸಿಕೊಟ್ಟಿ ಎನ್ನುತ್ತಾರೆ. ನಾನು ಪಕ್ಕದಲ್ಲಿ ಕೂತು ತಲೆಯಾಡಿಸುತ್ತೇನೆ. ಕಳಿಸಿಕೊಟ್ಟವಳಲ್ಲ ನಾನು. ನನ್ನ ಮನೆಗೆ ಬಾ ಎಂದು ಕರೆದವಳು.