ಬಾಣಂತಿ ನೀರಿಗೊಂದು ಗೀಸರು

ಬಚ್ಚಲಿನ ಗೋಡೆಯ ಮೇಲಿರುವ ಆ ಗೀಸರನ್ನು ಕಂಡರೆ ನನಗಾಗುವುದಿಲ್ಲ. ಆರಿಸಿ ತಂದವಳೂ ನಾನೇ.

ಟ್ಯಾಂಕಿನ ನೀರೇ ಕೈ ಸುಡುವ ಮೇ ತಿಂಗಳಲ್ಲಿ ವಡೋದರಾದಲ್ಲಿ ಗೀಸರು ಕೊಳ್ಳಲು ಹೋದವಳು ನಾನೊಬ್ಬಳೇ ಇರಬೇಕು. ಫತೇಗಂಜ್‌ನ ಅಂಗಡಿಯವನು, "ಬೆನ್, ಈ ಬಿಸಿಲಲ್ಲಿ ಗೀಸರಾ?" ಎಂದು ಹಿಂದಿಯಲ್ಲಿ ಕೇಳಿ ನಕ್ಕ. ಮೂರು ಲೀಟರಿನ ಇನ್‌ಸ್ಟಂಟ್ ಒಂದನ್ನು ತೋರಿಸಿದ. ಚಳಿಗಾಲಕ್ಕೂ ಅಷ್ಟೇ ಸಾಕಂತೆ. ನನಗೆ ಸಿಟ್ಟು ಬಂತು. ಬಸುರಿ ಮಗಳಿಗೆ ಎಂಟು ತಿಂಗಳು ತುಂಬಿತ್ತು. ನಮ್ಮ ಉಡುಪಿ ಕಡೆ ಬಾಣಂತಿಗೆ ನೀರು ಹೊಯ್ಯುವುದೆಂದರೆ ಮಗ್ಗಿನಲ್ಲಿ ಚಿಮುಕಿಸುವುದಲ್ಲ. ಮೈಗೆಲ್ಲ ಎಣ್ಣೆ ತಿಕ್ಕಿ, ತಡೆಯುವಷ್ಟು ಬಿಸಿನೀರನ್ನು ಸೊಂಟಕ್ಕೆ, ಬೆನ್ನಿಗೆ ರಪರಪನೆ ಹೊಯ್ಯಬೇಕು. ಹಂಡೆಗಟ್ಟಲೆ ಬೇಕು.

"ಇಪ್ಪತ್ತೈದು ಲೀಟರಿನದ್ದೇ ಕೊಡಿ," ಎಂದೆ.

"ಎಂತ, ಎಮ್ಮೆ ಮೀಯಿಸ್ಲಿಕ್ಕುಂಟಾ?" ಎಂದು ನನ್ನ ಗಂಡ ಕಿಚಾಯಿಸಿದರು. ಹೋಟೆಲು ನಡೆಸುವ ಮನುಷ್ಯನಿಗೆ ಸಾಂಬಾರಿನ ಅಳತೆ ಗೊತ್ತು, ಬಾಣಂತನದ್ದು ಎಲ್ಲಿಂದ ಗೊತ್ತಾಗಬೇಕು? ಇಲ್ಲಿನ ಗಡಸು ನೀರಿಗೆ ತಾಳುವುದು ಯಾವುದು, ಎಷ್ಟು ಬಿಸಿಯಾದ ಮೇಲೆ ತಾನೇ ಆಫ್ ಆಗುತ್ತದೆ ಎಂದೆಲ್ಲ ಕೇಳಿ ಅಂಗಡಿಯವನ ತಲೆ ತಿಂದೆ. ಅದು ಗೋಡೆಗೆ ಏರಿದ ದಿನ ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಒಂಬತ್ತನೇ ತಿಂಗಳಲ್ಲಿ ಹೊಟ್ಟೆಯೊಳಗಿನ ಮಗುವಿನ ಮಿಸುಕಾಟ ನಿಂತಿತು. ಆಸ್ಪತ್ರೆಯಲ್ಲಿ ಅವಳು ಜೀವವಿಲ್ಲದ ಕೂಸನ್ನು ಹೆತ್ತು, ಬರಿಗೈಯಲ್ಲಿ ಮನೆಗೆ ಬಂದಳು. ನಾನು ಬಚ್ಚಲಿನ ಕಡೆ ತಲೆ ಹಾಕಲಿಲ್ಲ. ಊರಿನಿಂದ ಅಕ್ಕ ಫೋನು ಮಾಡಿ ಗದರಿಸಿದಳು:

"ಮಗು ಹೋಯ್ತು ಅಂತ ಅವಳು ಹೆತ್ತದ್ದು ಸುಳ್ಳಾಗ್ತದಾ? ಮೈ ಹಾಳಾಗ್ತದೆ. ನೀರು ಹೊಯ್ಯಿ."

ದೇವರನ್ನು ಬೈದುಕೊಳ್ಳುತ್ತಲೇ ಸ್ವಿಚ್ಚು ಹಾಕಿದೆ. ಇಲ್ಲೇ ಹುಟ್ಟಿ ಬೆಳೆದ ಹುಡುಗಿ, ಅವಳಿಗೆ ಇದೆಲ್ಲ ತಿಳಿಯದು.

"ಅಮ್ಮಾ, ಬೇಬಿ ಇಲ್ವಲ್ಲ, ನಂಗ್ಯಾಕೆ ಇದು?" ಎಂದಳು.

ಮಣೆಯ ಮೇಲೆ ಕೂರಿಸಿ ಬೆನ್ನಿಗೆ ಹೊಯ್ದೆ. ಬಿಸಿ ತಾಗುತ್ತಿದ್ದಂತೆ ಕಲ್ಲಾಗಿದ್ದ ಎದೆ ಸಡಿಲಿ ಹಾಲು ತಾನಾಗಿ ಸುರಿಯತೊಡಗಿತು. ಅವಳು ಎರಡೂ ಅಂಗೈಯಿಂದ ಒತ್ತಿ ಹಿಡಿದಳು. ಬೆರಳ ಸಂದಿಯಿಂದಲೂ ಇಳಿಯಿತು.

"ಅಮ್ಮಾ, ಹಾಲು ಬಂದ್ ಮಾಡು," ಎಂದು ಅತ್ತಳು.

ಬಾಣಂತಿಗೆ ಬಿಸಿನೀರು ಹೊಯ್ಯುವುದು ಹಾಲಿಳಿಯಲಿ ಎಂದೂ ಹೌದು. ಇಳಿದದ್ದನ್ನು ನಿಲ್ಲಿಸುವುದು ಹೇಗೆಂದು ನನಗೆ ಯಾರೂ ಕಲಿಸಿರಲಿಲ್ಲ.